ಗೋಡೆಯ ಮೇಲಿನ ಕೈಗಳು

ನೆಲ ಒರೆಸುತ್ತಿದ್ದವಳು ಒದ್ದೆ ಬಟ್ಟೆ ಹಿಡಿದೇ ನಿಂತುಬಿಟ್ಟೆ. ಕಲಾ ಪ್ರದರ್ಶನದ ಆ ಕತ್ತಲೆ ಕೋಣೆಯಲ್ಲಿ ನೂರಾರು ಗಾಜಿನ ಚೂರು ತೂಗುಬಿಟ್ಟು, ಅವುಗಳ ನಡುವಿನಿಂದ ಗೋಡೆಗೆಲ್ಲ ಸಿನಿಮಾ ಬಿಡುತ್ತಾರೆ. ಗೋಡೆಯ ಮೇಲೆ ಆಳೆತ್ತರದ ಎರಡು ಕೈಗಳು ಬಿಳಿ ಬಟ್ಟೆ ಮಡಚುತ್ತಿದ್ದವು. ಕೊನೆಯ ಮಡಿಕೆಗೆ ಹೆಬ್ಬೆರಳು ಒಳಗಿಟ್ಟು ಒಂದು ತಿರುವು. ಅಮ್ಮ ಅದನ್ನು ಕಲಿಸಿದ್ದು ಅಕ್ಕನಿಗೆ ಮತ್ತು ನನಗೆ ಮಾತ್ರ.

ಹಾಗಾದರೆ ಇವು ಅಕ್ಕನ ಕೈಗಳೇ; ಅವಳು ಈ ಊರಿಗೆ ಬಂದಿದ್ದಾಳೆ, ನನಗೆ ಸುಳಿವೂ ಕೊಟ್ಟಿಲ್ಲ! ಅಮ್ಮನ ಕಿವಿಯೋಲೆ ಅವಳೇ ಎತ್ತಿಟ್ಟುಕೊಂಡಳೆಂಬ ಗುಮಾನಿಯಲ್ಲಿ ನಾನು ಮಾತು ಬಿಟ್ಟು ಹನ್ನೊಂದು ವರ್ಷ. ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತು ಅವಳಿಗೊಂದು ಕಾಗದ ಬರೆದಿದ್ದೆ: ‘ಕಿವಿಯೋಲೆ ನಿನ್ನ ಹತ್ತಿರವೇ ಇರಲಿ. ನೀನು ಬಾ.’ ಓದಿ ನಗುತ್ತಾಳೇನೋ ಎಂದು ಮೂರು ವರ್ಷದಿಂದ ಅದು ವಿಳಾಸ ಬರೆದ ಲಕೋಟೆಯ ಸಮೇತ ಚೀಲದಲ್ಲೇ ಇದೆ.

“ಯಾರದಮ್ಮ ಈ ಕೈ? ಬಚ್ಚಿಡಬೇಡ,” ಎಂದು ಏಣಿಯ ಮೇಲಿದ್ದ ಕಲಾವಿದೆಯನ್ನು ಕೇಳಿದೆ.

“ನಿಮ್ಮದೇ, ಅಜ್ಜಿ! ಹೋದ ತಿಂಗಳು ನೀವು ಪರದೆ ಮಡಚುವಾಗ ನಿಮ್ಮನ್ನು ಕೇಳಿಯೇ ವಿಡಿಯೊ ತೆಗೆದೆನಲ್ಲ?”

“ನನ್ನ ಕೈಯಲ್ಲಿ ಇಷ್ಟು ಸುಕ್ಕೆಲ್ಲಿದೆ? ಸುಳ್ಳು ಹೇಳೋಕೂ ಒಂದು ಮಿತಿ ಬೇಡ್ವಾ?”

“ಬೆಳಕಿಗೆ ಹಿಡಿದು ನೋಡ್ಕೊಳ್ಳಿ.”

ಹಿಡಿದೆ. ನನ್ನ ಎಡಗೈಯ ಸುಟ್ಟ ಕಲೆ ಗೋಡೆಯ ಮೇಲೂ ಇತ್ತು. ಕಣ್ಣೆದುರಿನ ನನ್ನ ಕೈಯನ್ನೇ ಅಕ್ಕನದೆಂದವಳು, ಕಾಣದ ಕಿವಿಯೋಲೆಗೆ ಅವಳನ್ನು ಕಳ್ಳಿ ಮಾಡಿದ್ದೆ.

ಕೈ ಒರೆಸಿಕೊಂಡು ಕಾಗದ ತೆಗೆದು, ಮೊದಲ ಸಾಲು ಹೊಡೆದುಹಾಕಿದೆ. ‘ನೀನು ಬಾ’ ಎಂಬುದಷ್ಟೇ ಉಳಿಯಿತು. ಊಟದ ಬಿಡುವಿನಲ್ಲಿ ಲಕೋಟೆ ಅಂಟಿಸಿ, ಹೋಗಿ ಬೀದಿ ಮೂಲೆಯ ಅಂಚೆ ಡಬ್ಬಿಗೆ ಹಾಕಿದೆ. ಒಳಗೆ ಬಿತ್ತೋ ಇಲ್ಲವೋ ಎಂದು ಎರಡು ಸಲ ತಟ್ಟಿಯೂ ನೋಡಿದೆ.