ಜಂಬಮ್ಮನ ಏಳುನೂರ ಮೂವತ್ತೊಂದು

ಇದನ್ನು ಬರೆಯುವುದು ನನ್ನಂಥವನ ಕೆಲಸವಲ್ಲ. ನಾನು ಓದಿದ್ದು ಸಂಜೆ ತರಗತಿಯಲ್ಲಿ, ಹಗಲೆಲ್ಲ ಮಿಲ್ಲಿನ ಗೇಟಿನಲ್ಲಿ ಗಾಡಿಗಳ ನಂಬರು ಬರೆದು ದಣಿದ ಮೇಲೆ. ಅರ್ಧ ಪಾಠವನ್ನು ತೂಕಡಿಸುತ್ತ ಕೇಳಿದ್ದೇನೆ. ಈಗ ಒಬ್ಬ ಹೆಣ್ಣುಮಗಳ ವಿಷಯವನ್ನು ಅವಳ ಅಪ್ಪಣೆ ಇಲ್ಲದೆ ಬರೆಯಲು ಕೂತಿದ್ದೇನೆ, ಓದುವವರು ಕ್ಷಮಿಸಬೇಕು. ಆದರೆ ಆ ದಿನದ ಅಂಕಪಟ್ಟಿಯ ಕೆಳಗಿರುವ ಸಹಿ ನನ್ನದು. ಉರುಕುಂದ ಎಂದು ಕನ್ನಡದಲ್ಲೇ ಮಾಡಿದ್ದೇನೆ. ಬೇರೆ ಯಾರು ಹೇಳಿದರೂ ಅವರು ಸಹಿ ಮಾಡಿದವರಾಗುವುದಿಲ್ಲ.

ಕನ್ನಡ-ತೆಲುಗು ಗಡಿಯ ಆದೋನಿಯಲ್ಲಿ, ಮಾರ್ಕೆಟ್ ಯಾರ್ಡಿನ ಹಿಂದೆ, ಒಂದು ಟ್ಯುಟೋರಿಯಲ್ಲಿನ ಮಹಡಿಯ ಮೇಲೆ, ನಾವು ಹತ್ತು ಹನ್ನೆರಡು ಜನ ಭಾನುವಾರ ಸ್ಕ್ರ್ಯಾಬಲ್ ಆಡುತ್ತೇವೆ. ಇಂಗ್ಲಿಷ್ ಅಕ್ಷರಗಳ ನೂರು ಬಿಲ್ಲೆಗಳು ಒಂದು ಬಟ್ಟೆಚೀಲದಲ್ಲಿರುತ್ತವೆ. ಮುಖ ತಿರುಗಿಸಿ, ನೋಡದೆ, ಏಳು ತೆಗೆದುಕೊಂಡು ಮಣೆಯ ಮೇಲೆ ಪದ ಕಟ್ಟಬೇಕು. ಅಪರೂಪದ ಅಕ್ಷರಕ್ಕೆ ಅಂಕ ಜಾಸ್ತಿ. ಏಳನ್ನೂ ಒಂದೇ ಸಲಕ್ಕೆ ಇಟ್ಟರೆ ಐವತ್ತು ಹೆಚ್ಚುವರಿ. ಏನೂ ಬರೆಯದ ಎರಡು ಖಾಲಿ ಬಿಲ್ಲೆಗಳೂ ಇರುತ್ತವೆ. ಅವನ್ನು ಯಾವ ಅಕ್ಷರವೆಂದು ಬೇಕಾದರೂ ಇಡಬಹುದು. ಈ ಆಟವನ್ನು ಊರಿಗೆ ತಂದವರು ನಮ್ಮ ಸಂಜೆ ತರಗತಿಯ ನಾಗಭೂಷಣ ಮೇಷ್ಟ್ರು. ಒಂದು ಆಟದಲ್ಲಿ ಆರುನೂರ ಹದಿನೆಂಟು, ಅದು ನಮ್ಮ ವಲಯದ ದಾಖಲೆ. ಒಂಬತ್ತು ವರ್ಷ ಅವರ ಹೆಸರಿನಲ್ಲೇ ಇತ್ತು. ಅಂಕ ಬರೆಯುವವನು, ಬಿಲ್ಲೆಗಳನ್ನು ಕಾಯುವವನು ನಾನು.

ಜಂಬಮ್ಮ ನನ್ನ ಜೊತೆ ಅದೇ ತರಗತಿಯಲ್ಲಿ ಕಲಿತವಳು. ನಾನಿರುವ ಹತ್ತಿ ಮಿಲ್ಲಿನಲ್ಲೇ ಅವಳ ಕೆಲಸವೂ. ಬಂದ ಹತ್ತಿಯನ್ನು ಬೆರಳಲ್ಲಿ ಎಳೆದು, ಎಳೆ ಎಷ್ಟು ಉದ್ದ, ತೇವ ಎಷ್ಟು ಎಂದು ಹೇಳುತ್ತಾಳೆ. ಅಳೆಯುವ ಯಂತ್ರ ಬಂದ ಮೇಲೂ ಸಾಹುಕಾರರು ಅವಳನ್ನು ಬಿಟ್ಟಿರಲಿಲ್ಲ. ಇಂಗ್ಲಿಷ್ ಮಾತಾಡಲು ಅವಳಿಗೆ ಬರುವುದಿಲ್ಲ. ರೊಟ್ಟಿ ಬಡಿಯುತ್ತ ಪದಗಳ ಪಟ್ಟಿಯನ್ನು ಬಾಯಿಪಾಠ ಮಾಡುತ್ತಾಳೆ. ಒಮ್ಮೆ ನಾನು ಒಂದು ಪದದ ಅರ್ಥ ಕೇಳಿದ್ದಕ್ಕೆ, "ಅರ್ಥ ಯಾಕ ಬೇಕಣ್ಣ? ಮಣಿ ಮ್ಯಾಲೆ ಯಾರರ ಕೇಳ್ತಾರೇನು?" ಅಂದಿದ್ದಳು.

ಮಾರ್ಚ್ ತಿಂಗಳ ಒಂದು ಭಾನುವಾರ, ರಾಜ್ಯ ತಂಡದ ಆಯ್ಕೆಗೆ ಲೆಕ್ಕವಾಗುವ ಆಟದಲ್ಲಿ, ಅವಳು ಮೇಷ್ಟ್ರ ಎದುರು ಕೂತಳು. ಕರೆಂಟು ಹೋಗಿ ಫ್ಯಾನು ನಿಂತಿತ್ತು. ಉಳಿದವರು ಚೀಲಕ್ಕೆ ಕೈ ಹಾಕಿದರೆ ಬಿಲ್ಲೆಗಳು ಕಟಕಟ ಸದ್ದು ಮಾಡುತ್ತವೆ. ಅವಳು ಹಾಕಿದಾಗ ಸದ್ದೇ ಇರಲಿಲ್ಲ. ಹುತ್ತಕ್ಕೆ ಕೈ ಇಟ್ಟವರಂತೆ ಮಣಿಕಟ್ಟಿನವರೆಗೆ ಮೆಲ್ಲಗೆ ಇಳಿಸುತ್ತಿದ್ದಳು. ಕೈ ಒಂದು ಕ್ಷಣ ಒಳಗೆ ನಿಲ್ಲುತ್ತಿತ್ತು. ಆಮೇಲೆ ಹೊರಗೆ ಬರುತ್ತಿತ್ತು. ನಾನು ಅವಳ ಅಂಕ ಬರೆಯುತ್ತಿದ್ದೆ, ಆದರೆ ನೋಡುತ್ತಿದ್ದದ್ದು ಚೀಲವನ್ನು.

ಮೂರನೆಯ ಸಲ ಏಳೂ ಬಿಲ್ಲೆ ಒಮ್ಮೆಗೇ ಇಟ್ಟಾಗ ಮೇಷ್ಟ್ರು ಕನ್ನಡಕ ತೆಗೆದರು. "ಏಮ್ಮಾ ಜಂಬಮ್ಮಾ, ಈ ಚೀಲದಾಗ ನಿನ್ನ ತವರು ಮನಿಯವರು ಅದಾರೇನು? ಬೇಕಾದ್ದೆಲ್ಲ ಗಂಟು ಕಟ್ಟಿ ಕಳಸಾಕತ್ಯಾರ."

"ನಿಮಗೂ ಅದಾರ್ರಿ ಸರ್. ನೀವ ಹೋಗಿ ಬಂದು ಮಾಡಿಲ್ಲ, ಸಿಟ್ಟಾಗ್ಯಾರ."

ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು. ನಾಲ್ಕನೆಯ ಸಲ ಅದೇ ಆದಾಗ ಯಾರೂ ನಗಲಿಲ್ಲ. ಐದನೆಯ ಸಲ ಕಿಟಕಿಯ ಬಳಿ ನಿಂತವರು ಹತ್ತಿರ ಬಂದರು. ಎರಡೂ ಖಾಲಿ ಬಿಲ್ಲೆಗಳು ಅವಳಿಗೇ ಸಿಕ್ಕಿದ್ದವು. ಕೂಡಿದಾಗ ಏಳುನೂರ ಮೂವತ್ತೊಂದು ಬಂತು. ಮೇಷ್ಟ್ರು ಮೂರು ಸಲ ಎಣಿಸಿ, ಎದ್ದು ನಿಂತು ಅವಳಿಗೆ ಕೈ ಮುಗಿದರು. ಅವಳೂ ಗಾಬರಿಯಿಂದ ಎದ್ದು ಕೈ ಮುಗಿದಳು.

ಅಷ್ಟು ದೊಡ್ಡ ಅಂಕವಾದರೆ ಅಂಕ ಬರೆದವನು ರಾಜ್ಯ ಸಂಘಕ್ಕೆ ಒಂದು ಅರ್ಜಿ ತುಂಬಿ ಕಳಿಸಬೇಕು. ದಾಖಲೆ ಒಪ್ಪಿಗೆಯಾದರೆ ಜಂಬಮ್ಮ ಆರು ಜನರ ರಾಜ್ಯ ತಂಡಕ್ಕೆ ಸೇರುತ್ತಾಳೆ. ಸಾಹುಕಾರರು ರಜೆಯನ್ನೂ ಒಪ್ಪಿದ್ದರು, ಗೇಟಿನಲ್ಲಿ ಅವಳ ಫೋಟೋ ಹಾಕಿಸುತ್ತೇನೆ ಎಂದೂ ಹೇಳಿದ್ದರು. ಮೋಸವೆಂದು ತೀರ್ಮಾನವಾದರೆ ಆಟದಿಂದಲೇ ಹೊರಗೆ. ಅರ್ಜಿಯ ಏಳನೆಯ ಪ್ರಶ್ನೆ ಹೀಗಿತ್ತು: ಮುಟ್ಟಿ ನೋಡಿದರೆ ಬಿಲ್ಲೆಗಳ ಅಕ್ಷರ ತಿಳಿಯುವ ಸಾಧ್ಯತೆ ಇತ್ತೇ?

ನನ್ನ ಪೆನ್ನು ಅಲ್ಲಿ ನಿಂತಿತು.

ಏಕೆಂದರೆ ಆ ಬಿಲ್ಲೆಗಳನ್ನು ಮಾಡಿಸಿದವನೇ ನಾನು. ಹಳೆಯ ಪ್ಲಾಸ್ಟಿಕ್ ಬಿಲ್ಲೆಗಳ ಅಕ್ಷರ ಅಳಿಸಿಹೋಗಿ, ಓ ಯಾವುದು ಕ್ಯೂ ಯಾವುದು ಎಂದು ಜಗಳ ಬರುತ್ತಿತ್ತು. ನಾನು ಎಮ್ಮಿಗನೂರಿಗೆ ಹೋಗಿ, ಬಟ್ಟೆಯ ಮೂಟೆಗಳ ಮೇಲೆ ಗುರುತು ಒತ್ತುವ ಮರದ ಅಚ್ಚು ಕೆತ್ತುವ ದಸ್ತಗಿರಿ ಎಂಬವನ ಕೈಯಲ್ಲಿ ತೇಗದ ಬಿಲ್ಲೆ ಮಾಡಿಸಿದೆ. ಅವನು ಅಚ್ಚಿನ ರೂಢಿಯಂತೆ ಆಳವಾಗಿ ಕೆತ್ತಿ, ಕಪ್ಪು ಅರಗು ತುಂಬಿ, ಮಟ್ಟ ಮಾಡಿಕೊಟ್ಟಿದ್ದ. ಎರಡು ವರ್ಷದಲ್ಲಿ ಅರಗು ಅಲ್ಲಲ್ಲಿ ಉದುರಿತ್ತು. ಉದುರಿದ್ದನ್ನು ನಾನು ನೋಡಿದ್ದೆ. ಮತ್ತೆ ತುಂಬಿಸಬೇಕು ಅಂದುಕೊಂಡು ಅಂದುಕೊಂಡು ಸುಮ್ಮನಿದ್ದೆ.

ಮನೆಯಲ್ಲಿ ಕಣ್ಣು ಮುಚ್ಚಿ ಚೀಲಕ್ಕೆ ಕೈ ಹಾಕಿ ನೋಡಿದೆ. ನಲವತ್ತು ಸಲ ತೆಗೆದೆ. ಖಾಲಿ ಬಿಲ್ಲೆ ಎರಡು ಸಲ ಗೊತ್ತಾಯಿತು, ಅದು ಪೂರ್ತಿ ನುಣುಪು. ಅಕ್ಷರ ಒಂದೂ ಗೊತ್ತಾಗಲಿಲ್ಲ. ಸಮಾಧಾನವಾಯಿತು. ಆದರೆ ಮಾರನೆಯ ದಿನ ಆ ಸಮಾಧಾನ ಹೋಯಿತು.

ಮಿಲ್ಲಿನ ಅಂಗಳದಲ್ಲಿ ದಲ್ಲಾಳಿ ಗೋವಿಂದ ತಮಾಷೆಗೆ ಹತ್ತಿಯ ಮೂರು ಚೀಲಗಳ ಬಾಯನ್ನು ಕೈ ಮಾತ್ರ ತೂರುವಷ್ಟು ಬಿಟ್ಟು ಕಟ್ಟಿಸಿದ್ದ. "ರಿಕಾರ್ಡ್ ಮಾಡಿದಾಕಿ, ಹೇಳು ನೋಡಾಣು," ಅಂದ.

ಜಂಬಮ್ಮ ಮೊದಲನೆಯದಕ್ಕೆ ಕೈ ಇಟ್ಟು ಎತ್ತಲೋ ನೋಡುತ್ತ ಹೇಳಿದಳು: "ಪೆದ್ದಕಡುಬೂರು ಊರ ಕಡೀದು. ಎರಿ ಹೊಲ, ಕರಿ ಮಣ್ಣು. ಎರಡನೇ ಸಲ ಬಿಡಿಸಿದ್ದು." ಎರಡನೆಯದಕ್ಕೆ, "ಇದು ಮಸಾರಿ, ಕೆಂಪು ನೆಲದ್ದು, ನೀರು ಹೊಡದು ತೂಕ ಮಾಡ್ಯಾರ." ಮೂರನೆಯದಕ್ಕೆ ಕೈ ಹಾಕಿ ತಟ್ಟನೆ ತೆಗೆದಳು. "ಇದರಾಗ ಎರಡು ಹೊಲದ್ದು ಕಲಸಿಯಲ್ಲೋ ಗೋವಿಂದ, ನಿನ್ನ ಮಾರಿಗಿಷ್ಟು."

ಮೂರೂ ಸರಿ. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಬಿಲ್ಲೆ ಚೀಲಕ್ಕಿಳಿದ ಅದೇ ಕೈ ನೆನಪಾಯಿತು.

ಅಂಕದ ಪುಸ್ತಕ ತೆಗೆದು ನೋಡಿದೆ. ಈ ವರ್ಷದ ಹದಿನಾಲ್ಕು ಆಟಗಳಲ್ಲಿ ಹನ್ನೊಂದರಲ್ಲಿ ಎರಡೂ ಖಾಲಿ ಬಿಲ್ಲೆ ಅವಳಿಗೇ ಬಂದಿದ್ದವು. ಎರಡು ವರ್ಷದ ಹಿಂದೆ, ಪ್ಲಾಸ್ಟಿಕ್ ಬಿಲ್ಲೆಗಳ ಕಾಲದಲ್ಲಿ ಹೇಗಿತ್ತೋ ತಿಳಿಯದು. ಯಾರಿಗೆ ಖಾಲಿ ಬಿಲ್ಲೆ ಬಂತು ಎಂದು ಆಗ ನಾನು ಬರೆದಿಡುತ್ತಿರಲಿಲ್ಲ.

ಊಟದ ಹೊತ್ತಿಗೆ ನಲ್ಲಿಯ ಹತ್ತಿರ ಅವಳನ್ನು ಕೇಳಿದೆ. ಹೇಗೆ ಕೇಳಬೇಕೆಂದು ಬೆಳಗಿನಿಂದ ಯೋಚಿಸಿದ್ದರೂ ಬಾಯಿಗೆ ಬಂದದ್ದು ಒರಟಾಗಿಯೇ ಬಂತು. "ಜಂಬಮ್ಮ, ಚೀಲಕ್ಕ ಕೈ ಹಾಕಿದಾಗ ಅಕ್ಷರ ತಿಳಿತಾವೇನು?"

ಅವಳು ಕೈ ಒರೆಸಿಕೊಂಡಳು. "ನಾ ಹುಡುಕಂಗಿಲ್ಲಣ್ಣ. ಒಂದು ಕಡಿ ಕೈ ನಿಲ್ತೈತಿ. ನಿಂತಲ್ಲಿ ತಗೀತೀನಿ."

"ಯಾಕ ನಿಲ್ತೈತಿ?"

"ಅದನ್ನ ಅದು ನನಗ ಹೇಳಿಲ್ಲ." ನನ್ನ ಮುಖ ನೋಡಿ ಅಂದಳು, "ಬಿಲ್ಲಿ ಕೆತ್ತಿಸಿದಾಂವ ನೀನು. ಕೇಳಾಂವನೂ ನೀನು. ಹೌದಿಲ್ಲೋ?"

"ಕೆತ್ತಿಸಿದ್ದು ನನ್ನ ತಪ್ಪು. ಅರ್ಜಿಯಾಗ ಗೊತ್ತಿಲ್ಲ ಅಂತ ಬರೀತೀನಿ."

"ಗೊತ್ತಿಲ್ಲ ಅಂದ್ರ ಊರು ಕಳ್ಳಿ ಅಂತೈತಿ. ಹೌದು ಅಂತರ ಬರಿ, ಇಲ್ಲ ಅಂತರ ಬರಿ. ನಡಬರಕ ನಿಂದರಸಬ್ಯಾಡ."

ನಾನು ನಡುವೆಯೇ ನಿಲ್ಲಿಸಿದೆ. ಸುಳ್ಳು ಬರೆಯಬಾರದೆಂದು, 'ಖಚಿತವಾಗಿ ಹೇಳಲಾರೆ' ಎಂದು ಬರೆದು ಕಳಿಸಿದೆ.

ಜಂಬಮ್ಮನ ಬೆರಳಿಗೆ ಅಕ್ಷರ ತಿಳಿಯುತ್ತದಂತೆ ಎಂದು ವಾರದೊಳಗೆ ಸುದ್ದಿ ಹಬ್ಬಿತು. ನಾನು ಮೇಷ್ಟ್ರಿಗೆ ಮಾತ್ರ ಹೇಳಿದ್ದೆ; ಅವರು ಯಾರಿಗೂ ಹೇಳಿಲ್ಲವೆಂದು ಆಣೆ ಇಟ್ಟರು. ಮಿಲ್ಲಿನ ಹೆಂಗಸರು ನಲ್ಲಿಯ ಹತ್ತಿರ ಸೆರಗಿನ ಗಂಟು ಮುಂದೆ ಹಿಡಿದು, "ಜಂಬಕ್ಕ, ಇದರಾಗ ಏನೈತಿ ಹೇಳು," ಅನ್ನತೊಡಗಿದರು. ಬಳೆ ಅಂಗಡಿಯವನು, "ನೀ ಮುಟ್ಟಬ್ಯಾಡವ್ವ, ಬಾಯಿಲೆ ಹೇಳು, ನಾ ಕೊಡ್ತೀನಿ," ಅಂದನಂತೆ. ಮೊದಮೊದಲು ಅವಳು ಎಲ್ಲರಿಗೂ ಉತ್ತರ ಕೊಡುತ್ತಿದ್ದಳು. ಆಮೇಲೆ ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ಗೇಟು ದಾಟತೊಡಗಿದಳು.

ಸಂಘದಿಂದ ಪತ್ರ ಬಂತು. ಉಮಾಮಹೇಶ್ವರಿ ಎಂಬ ವೀಕ್ಷಕರು ಕರ್ನೂಲಿನಿಂದ ಮುಂದಿನ ಭಾನುವಾರ ಬರುತ್ತಾರೆ. ಅದೇ ಇಬ್ಬರು ಅವರೆದುರು ಮತ್ತೊಂದು ಆಟ ಆಡಬೇಕು. ಮುಟ್ಟಿದರೆ ಏನೂ ತಿಳಿಯದ ನುಣುಪು ಬಿಲ್ಲೆಗಳನ್ನು ಅವರೇ ತರುತ್ತಾರೆ. ಕೊನೆಯ ಸಾಲು: ಬಿಲ್ಲೆಗಳ ವಿಷಯವನ್ನು ಆಟಗಾರರಿಗೆ ಮುಂಚಿತವಾಗಿ ತಿಳಿಸತಕ್ಕದ್ದಲ್ಲ.

ಶುಕ್ರವಾರ ಜಂಬಮ್ಮ ನನ್ನ ಗೇಟಿನ ಕಿಟಕಿಗೆ ಬಂದಳು. "ಭಾನುವಾರ ಅವೇ ಬಿಲ್ಲಿ ಏನಣ್ಣ?"

"ನಿಯಮ ಐತಿ ತಂಗಿ. ಹೇಳಂಗಿಲ್ಲ."

"ಅಂದ್ರ ಅವೇ."

ನಾನು ಸುಮ್ಮನಿದ್ದೆ. ಅಲ್ಲ ಎಂದು ಹೇಳಲು ಒಂದು ಉಸಿರು ಸಾಕಿತ್ತು. ಪತ್ರ ನನ್ನ ಜೇಬಿನಲ್ಲೇ ಇತ್ತು. ಜೀವನದಲ್ಲಿ ಒಂದೂ ನಿಯಮ ಮುರಿದವನಲ್ಲ ನಾನು. ಅದರ ಬಗ್ಗೆ ಆವರೆಗೆ ನನಗೆ ಸಣ್ಣ ಹೆಮ್ಮೆಯೂ ಇತ್ತು.

"ಗೆದ್ರ ಕೈ ಆಡ್ತು ಅಂತೀರಿ," ಅಂದಳು. "ಸೋತ್ರ ಕೈ ಅಂಜಿತು ಅಂತೀರಿ. ಈ ಕೈ ಹಿಂಗ ಇರೋತನಕ ನನ್ನ ಮ್ಯಾಲೆ ಯಾರಿಗೂ ನಂಬಿಕಿ ಹುಟ್ಟಂಗಿಲ್ಲ ಬಿಡು."

ಹಿಂದೆ ಲಾರಿಯವನು ಹಾರನ್ ಹೊಡೆದ. ನಾನು ಅವನ ನಂಬರು ಬರೆದುಕೊಂಡೆ. ತಲೆ ಎತ್ತಿದಾಗ ಅವಳು ಹೋಗಿದ್ದಳು.

ಭಾನುವಾರ ಹತ್ತು ಗಂಟೆಗೆ ಮಹಡಿ ತುಂಬಿತ್ತು. ಉಮಾಮಹೇಶ್ವರಿ ಮೇಡಂ ಸಮಯಕ್ಕೆ ಸರಿಯಾಗಿ ಬಂದು ಕೂತಿದ್ದರು. ಜಂಬಮ್ಮ ಹತ್ತು ನಿಮಿಷ ತಡವಾಗಿ ಮೆಟ್ಟಿಲು ಹತ್ತಿದಳು. ಎರಡೂ ಕೈಗೆ ಬಿಳಿ ಪಟ್ಟಿ ಸುತ್ತಿತ್ತು. ಪಟ್ಟಿಯ ಅಂಚಿನಲ್ಲಿ ಹಳದಿ ಮುಲಾಮು ಇಳಿದಿತ್ತು.

"ಏಮೈಂದಮ್ಮಾ?" ಏನಾಯಿತೆಂದು ಮೇಡಂ ತೆಲುಗಿನಲ್ಲಿ ಕೇಳುತ್ತ ಎದ್ದರು.

"ರೊಟ್ಟಿ ಮಾಡಾಗ ಕಾಲು ಜಾರಿತ್ರಿ. ಹಂಚಿನ ಮ್ಯಾಲೆ ಕೈ ಊರಿದೆ."

ಏಳನೇ ವಯಸ್ಸಿನಿಂದ ರೊಟ್ಟಿ ಬಡಿದವಳು ಎಂದು ನನ್ನ ಪಕ್ಕದವರು ಯಾರೋ ಪಿಸುಗುಟ್ಟಿದರು. ಮೇಷ್ಟ್ರು, "ಬ್ಯಾಡಮ್ಮ, ತಿಂಗಳು ಬಿಟ್ಟು ಆಡಾಣು. ನಾ ಎಲ್ಲಿ ಓಡಿ ಹೋಗ್ತೀನಿ?" ಅಂದರು.

"ಕೂಡ್ರಿ ಸರ್. ಆಡಿಬಿಡಾಣು."

ಆಗ ಮೇಡಂ ತಮ್ಮ ಬ್ಯಾಗಿನಿಂದ ಪೆಟ್ಟಿಗೆ ತೆಗೆದು, ಎಣಿಸುವುದಕ್ಕಾಗಿ ನೂರು ಬಿಲ್ಲೆಗಳನ್ನು ಮೇಜಿನ ಮೇಲೆ ಸುರಿದರು. ಬಿಳಿ ಪ್ಲಾಸ್ಟಿಕ್, ಗಾಜಿನಷ್ಟು ನುಣುಪು. ಜಂಬಮ್ಮ ಬಿಲ್ಲೆಗಳನ್ನು ನೋಡಿದಳು. ನಂತರ ನನ್ನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟೂ ಇರಲಿಲ್ಲ, ಏನೂ ಇರಲಿಲ್ಲ. ನಾನು ಪುಸ್ತಕದಲ್ಲಿ ದಿನಾಂಕ ಬರೆಯತೊಡಗಿದೆ. ಎರಡು ಸಲ ತಪ್ಪು ಬರೆದೆ.

ಒಂದೂವರೆ ಗಂಟೆ ಆಡಿದರು. ಪಟ್ಟಿ ಸುತ್ತಿದ ಕೈ ಚೀಲದೊಳಗೆ ಜೋರಾಗಿ ಸದ್ದು ಮಾಡುತ್ತಿತ್ತು. ಒಂದು ಹಿಡಿಯಲು ಹೋದರೆ ಮೂರು ಬರುತ್ತಿದ್ದವು. ಹೆಚ್ಚಿನದನ್ನು ಮೇಡಂ ವಾಪಸು ಹಾಕಿ ಚೀಲ ಕುಲುಕುತ್ತಿದ್ದರು. ಒಮ್ಮೆ ಬಿಲ್ಲೆಯೊಂದು ಮುಲಾಮಿಗೆ ಅಂಟಿಕೊಂಡು ಬಂತು. ಅವಳು ಹಲ್ಲು ಕಚ್ಚಿ ಅದನ್ನು ಮೇಜಿನ ಅಂಚಿಗೆ ಒತ್ತಿ ಬಿಡಿಸಿದಳು. ಖಾಲಿ ಬಿಲ್ಲೆ ಅವಳಿಗೊಂದು, ಮೇಷ್ಟ್ರಿಗೊಂದು. ನಾನೂರ ಎಂಬತ್ತೇಳು, ನಾನೂರ ಎರಡು. ಅವಳೇ ಗೆದ್ದಳು.

ಮೇಡಂ ನನ್ನನ್ನು ವರಾಂಡಕ್ಕೆ ಕರೆದರು. ಅವರ ಮಾತು ತೆಲುಗಿನಲ್ಲಿತ್ತು, ಮೆಲ್ಲಗಿತ್ತು. ಈ ಅಂಕ ಒಳ್ಳೆಯ ಆಟಗಾರ್ತಿಯ ಅಂಕ. ಆದರೆ ಅದರಿಂದ ಹಿಂದಿನದು ನಿಜವೆಂದೂ ಆಗುವುದಿಲ್ಲ, ಸುಳ್ಳೆಂದೂ ಆಗುವುದಿಲ್ಲ. ಆ ಕೈಗಳನ್ನು ಪರೀಕ್ಷೆ ಮಾಡುವ ಹಾಗೂ ಇಲ್ಲ. ಬಿಲ್ಲೆಗಳನ್ನು ಕಾದವರು ನೀವು. ಹೌದು ಅಥವಾ ಇಲ್ಲ ಎಂದು ಬರೆದರೆ ನಾನು ಅದರಂತೆ ಮುಗಿಸುತ್ತೇನೆ ಎಂದರು.

ಏಳನೆಯ ಪ್ರಶ್ನೆಗೆ 'ಇಲ್ಲ' ಎಂದು ಬರೆದು ಸಹಿ ಮಾಡಿದೆ. ಸತ್ಯವೆಂದು ನಂಬಿ ಬರೆದೆನೋ, ಆ ಪಟ್ಟಿಗಳನ್ನು ನೋಡಲಾರದೆ ಬರೆದೆನೋ, ಆಗಲೂ ಸ್ಪಷ್ಟವಿರಲಿಲ್ಲ.

ಮೂರು ದಿನದ ನಂತರ ಅವಳ ಮನೆಗೆ ಹೋದೆ. ಅವಳು ಪಟ್ಟಿ ಬದಲಿಸಲು ದವಾಖಾನೆಗೆ ಹೋಗಿದ್ದಳು. ಅತ್ತೆ ಪಕೀರಮ್ಮ ಕಟ್ಟೆಯ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದರು. ಅವರು ಕೇಳದೆಯೇ ಹೇಳಿದರು: "ಕಾಲು ಜಾರಿತು ಅಂತಾಳಪ್ಪ. ನಾ ಹೊರಗ ಇದ್ದೆ, ಕೂಗಿದ್ದು ಕೇಳಿಲ್ಲ. ಅಂಗೈ ಚೊಲೋ ಐತಿ. ಬೆರಳ ತುದಿ ಅಷ್ಟ ಹೋಗ್ಯಾವ, ಹತ್ತೂ." ಮತ್ತೆ ಕಾಯಿ ಬಿಡಿಸತೊಡಗಿದರು. "ನೀವೆಲ್ಲ ಓದಿದವರು. ಜಾರಿದ್ರ ಹಂಗ ಸುಡ್ತೈತೇನು?"

ನನ್ನ ಉತ್ತರಕ್ಕೆ ಅವರು ಕಾಯಲಿಲ್ಲ.

ದಾಖಲೆ ಒಪ್ಪಿಗೆಯಾಯಿತು. ಸಂಘದ ಪಟ್ಟಿಯಲ್ಲಿ ಏಳುನೂರ ಮೂವತ್ತೊಂದರ ಎದುರು ಅವಳ ಹೆಸರಿದೆ. ಜೂನ್‌ನಲ್ಲಿ ತಂಡ ಹೊರಟಾಗ ಅವಳು ಹೋಗಲಿಲ್ಲ. ಹೊಸ ಚರ್ಮ ಬಂದಿದ್ದರೂ ಮುಟ್ಟಿದ್ದು ತಿಳಿಯುತ್ತಿಲ್ಲ ಎಂದಳಂತೆ. ಮಿಲ್ಲಿನಲ್ಲಿ ಈಗ ಹತ್ತಿ ನೋಡುವುದು ಯಂತ್ರ. ಅವಳನ್ನು ಬೀಜ ಗುಡಿಸುವ ಕಡೆ ಹಾಕಿದ್ದಾರೆ. ಸಾಹುಕಾರರು ಮಾತಿನಂತೆ ಫೋಟೋ ಹಾಕಿಸಿದರು. ಅವಳು ದಿನಕ್ಕೆರಡು ಸಲ ಅದರ ಕೆಳಗೆ, ನನ್ನ ಕಿಟಕಿಯ ಮುಂದೆ ಹಾದುಹೋಗುತ್ತಾಳೆ. "ಆರಾಮೇನಣ್ಣ?" ಎನ್ನುತ್ತಾಳೆ. "ಆರಾಮ," ಎನ್ನುತ್ತೇನೆ. ಭಾನುವಾರ ಮಹಡಿಗೆ ಬರುವುದಿಲ್ಲ.

ಮಾರ್ಚ್ ತಿಂಗಳ ಆ ಆಟದಲ್ಲಿ ಅವಳ ಬೆರಳು ಅಕ್ಷರ ಓದಿತೋ ಇಲ್ಲವೋ ನನಗೆ ಗೊತ್ತಿಲ್ಲ. ಓದಿದ್ದರೆ ಅದು ಅವಳಿಗೆ ಗೊತ್ತಿತ್ತೋ ಇಲ್ಲವೋ, ಅದೂ ಗೊತ್ತಿಲ್ಲ. ಹಂಚಿನ ಮುಂದೆ ಕಾಲು ಜಾರಿತೋ, ಶುಕ್ರವಾರ ನಾನು ಬಾಯಿ ಬಿಟ್ಟಿದ್ದರೆ ಜಾರುತ್ತಿರಲಿಲ್ಲವೋ, ತಿಳಿದುಕೊಳ್ಳಬೇಕಾದರೆ ಅವಳನ್ನೇ ಕೇಳಬೇಕು. ನಾನು ಇವತ್ತಿನವರೆಗೆ ಕೇಳಿಲ್ಲ.