ಅಣ್ಣನ ಕೆನ್ನೆಯ ಬೆಳಕು

ಮತ್ತೆ ಕಪ್ಪು, ಅಣ್ಣನ ಮುಖ ಇರಬೇಕಾದಲ್ಲಿ ಮಸಿ ಬಳಿದ ಹಾಗಿದೆ, ಹಿಂದಿನ ಕಿಟಕಿ ಮಾತ್ರ ಚೆನ್ನಾಗಿ ಬಂದಿದೆ, ಎದುರು ಮನೆಯ ನೀರಿನ ಟ್ಯಾಂಕು, ತಂತಿ, ತಂತಿಯ ಮೇಲೆ ಒಣಗುವ ಅಂಗಿಯ ಗುಂಡಿ ಕೂಡ ಕಾಣುತ್ತದೆ, ಅವನೊಬ್ಬನನ್ನು ಬಿಟ್ಟು — ಕ್ಯಾಮೆರಾದ ತಪ್ಪಲ್ಲ, ಇಡೀ ಚೌಕಟ್ಟಿನ ಬೆಳಕು ಅಳೆ ಎಂದು ಮೀಟರಿಂಗ್ ಇಟ್ಟವಳು ನಾನೇ, ಶಾಲೆಯ ಗ್ರೂಪ್ ಫೋಟೊ, ಬಯಲು, ರಸ್ತೆ, ಇಂಥದ್ದಕ್ಕೆಲ್ಲ ಅದೇ ಸರಿ, ಎಲ್ಲರಿಗೂ ಸಮಪಾಲು, ಆದರೆ ಇಲ್ಲಿ ಕಿಟಕಿ ಉರಿಯುತ್ತಿದೆ, ಅದಕ್ಕೆ ಹೆದರಿ ಕ್ಯಾಮೆರಾ ಮುಖವನ್ನು ಕಪ್ಪು ಮಾಡುತ್ತದೆ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಈಚೆ ಸೋಫಾಕ್ಕೆ ಬಾ ಎಂದರೆ ಕೇಳುವವನೇ, ನಾನು ಇಲ್ಲೇ ಕೂತ್ಕೊಳೋದು ಗುಬ್ಬಿ, ಇಷ್ಟು ವರ್ಷ ಬಸ್ ಓಡಿಸ್ತಾ ಕಿಟಕಿ ಪಕ್ಕ ಕೂತವನು, ಗೋಡೆ ಪಕ್ಕ ಕೂತ್ರೆ ಉಸಿರು ಕಟ್ಟತ್ತೆ, ಊರಿಗೇ ಒಂದು ದಾರಿಯಾದರೆ ನನ್ನ ಅಣ್ಣನಿಗೇ ಒಂದು. ಬಾಗಿಲಿಗೆ ಒರಗಿ ಅತ್ತಿಗೆ ನಿಂತಿದ್ದಾರೆ, ಕೈಯಲ್ಲಿ ಟವೆಲ್ಲು, ನಾಳೆಯ ಆಸ್ಪತ್ರೆ ಚೀಲಕ್ಕೆ ಹಾಕಬೇಕಾದದ್ದು, ಎಷ್ಟು ಹೊತ್ತಿನಿಂದ ಮಡಿಸುತ್ತಿದ್ದಾರೋ. ಅಣ್ಣನ ಎಡಗಿವಿಯ ಕೆಳಗೊಂದು ಗಂಟು, ಹೋದ ತಿಂಗಳು ಡಾಕ್ಟರು ಅವನನ್ನು ನಗಿಸಿ ನೋಡಿದ್ದರು, ನೋಡಿ, ಎಡಗಡೆ ತುಟಿ ಏಳ್ತಿದೆ, ಗಂಟು ಮುಖದ ನರಕ್ಕೆ ಹಬ್ಬಿಲ್ಲ ಅಂತ ಅರ್ಥ, ಏಳದೇ ಇದ್ದಿದ್ರೆ ನಾವು ಭಯಪಡಬೇಕಿತ್ತು, ಆದರೆ ಗಂಟು ತೆಗೆಯುವಾಗ ನರಕ್ಕೆ ಪೆಟ್ಟಾದರೂ ಆಗಬಹುದಂತೆ, ಆಮೇಲೆ ಆ ನಗು ಇರುವುದಿಲ್ಲ. ಅದಕ್ಕೇ ಅತ್ತಿಗೆ ಫೋನು ಮಾಡಿದ್ದು, ಅವರು ನಗೋ ಫೋಟೊ ಮನೇಲಿ ಒಂದೂ ಇಲ್ಲ ಕಣೇ, ಲೈಸೆನ್ಸಲ್ಲಿರೋ ಮುಖ ನೋಡ್ಕೊಂಡು ಬಾಳಕ್ಕಾಗತ್ತಾ. ಒಂದು ನಗು, ಅಷ್ಟೇ ಬೇಕಾದದ್ದು.

ಮೀಟರಿಂಗನ್ನು ಚೌಕಟ್ಟಿನ ನಡುವಿಗೆ ಒತ್ತು ಕೊಡುವುದಕ್ಕೆ ತಿರುಗಿಸಿದೆ, ಪಾಸ್‌ಪೋರ್ಟ್ ಫೋಟೊಕ್ಕೆ ಅದನ್ನೇ ಇಡುತ್ತೇನೆ, ಜನ ಅಲ್ಲಿ ಕಂಬದ ಹಾಗೆ ನಡುವೆಯೇ ಕೂರುತ್ತಾರೆ, ಇವನು ಒಮ್ಮೆ ಅತ್ತ ಒಮ್ಮೆ ಇತ್ತ, ನಡುವಿಗೆ ಮತ್ತೆ ಕಿಟಕಿಯೇ ಬಂದು ಕೂತಿದೆ — ಎಂಥ ವಿಚಿತ್ರ ಯಂತ್ರ ಇದು, ಕಾಗೆ ತೋರಿಸಿದರೂ ಕೊಕ್ಕರೆ ತೋರಿಸಿದರೂ ಎರಡೂ ಬೂದಿ ಬಣ್ಣವೇ ಇರಬೇಕೆಂದು ಹಟ ಮಾಡುತ್ತದೆ, ಹಾಗಾದರೆ ಯಾವುದನ್ನು ತೋರಿಸಿದರೆ ನಿಜ ಹೇಳುತ್ತದೆ, ಈ ಕುತೂಹಲಕ್ಕೇ ಅಲ್ಲವೇ ನಾನು ಈ ಕೆಲಸಕ್ಕೆ ಬಂದದ್ದು. ಉಳಿದದ್ದು ಸ್ಪಾಟ್, ಒಂದು ಚುಕ್ಕೆಯಷ್ಟನ್ನೇ ಅಳೆಯುತ್ತದೆ, ಕತ್ತಲ ವೇದಿಕೆಯಲ್ಲಿ ನಟಿಯ ಹಣೆಯೊಂದೇ ಹೊಳೆಯುವಾಗ ಅದೇ ಗತಿ, ಆದರೆ ಅಣ್ಣ ನಗುವಾಗ ತಲೆ ಹಿಂದಕ್ಕೆ ಚೆಲ್ಲುತ್ತಾನೆ, ಚುಕ್ಕೆ ಕೆನ್ನೆಯಿಂದ ಜಾರಿ ಬಿಳಿ ಕಾಲರಿಗೆ ಬಿತ್ತೋ ಕೆಟ್ಟಿತು, ನಗು ಏನು ನಿಲ್ಲು ಎಂದರೆ ನಿಲ್ಲುವ ಬಸ್ಸೇ. ಮೊದಲೇ ಅಳೆದು ಆ ಅಳತೆ ಬದಲಾಗದ ಹಾಗೆ ಬೀಗ ಹಾಕಿಡಬೇಕು, ಅವನ ಕೆನ್ನೆಯಲ್ಲೇ ಅಳೆಯಲು ಹೋದರೆ ಸೆಟೆದುಕೊಳ್ಳುತ್ತಾನೆ, ಆಗ ನಗು ಎಲ್ಲಿಂದ ಬರಬೇಕು — ನನ್ನ ಕೈ ಇದೆಯಲ್ಲ, ಅಮ್ಮ ಹೇಳುತ್ತಿದ್ದಳು, ಇವೆರಡೂ ಒಂದೇ ಪಾತ್ರೆ ಟೀ, ಲೋಟ ಬೇರೆ ಅಷ್ಟೇ, ನನ್ನ ಮುಂಗೈಯೂ ಅವನ ಕೆನ್ನೆಯೂ ಒಂದೇ ಬಣ್ಣ. ಅವನ ಮುಖದ ಪಕ್ಕ ಕೈ ಚಾಚಿ ಮುಂಗೈ ನನ್ನ ಕಡೆ ತಿರುಗಿಸಿದೆ, ಏನೇ, ಹೊಡೀತೀಯಾ, ಇಲ್ಲ ಅಣ್ಣ, ಬೆಳಕು ಅಳೀತಿದೀನಿ, ಸುಮ್ನಿರು, ನನ್ ಮುಖ ಅಳೆಯೋಕೆ ನಿನ್ ಕೈಯಾ, ಹಾಗಾದ್ರೆ ನಾಳೆ ಆಪರೇಷನ್ನಿಗೂ ನೀನೇ ಹೋಗಿ ಮಲಕ್ಕೊಂಬಿಡು. ಅತ್ತಿಗೆ ಫಕ್ಕನೆ ನಕ್ಕುಬಿಟ್ಟರು, ಟವೆಲ್ಲು ಬಾಯಿಗೊತ್ತಿಕೊಂಡು, ಅವರು ನಕ್ಕದ್ದು ನೋಡಿ ಅಣ್ಣನೂ ನಕ್ಕ, ತಲೆ ಹಿಂದಕ್ಕೆ, ಬೆರಳು ಒತ್ತುತ್ತಲೇ ಇದೆ, ಒತ್ತುತ್ತಲೇ ಇದೆ.

ಬಂತಾ ಗುಬ್ಬಿ, ಬಂತು ಅತ್ತಿಗೆ, ಎಷ್ಟು ಚೆನ್ನಾಗಿ ಬಂದಿದೆ, ಕಿಟಕಿ ಪೂರ್ತಿ ಬಿಳಿಯಾಗಿ ಅಳಿಸಿಹೋಗಿದೆ, ಟ್ಯಾಂಕಿಲ್ಲ, ತಂತಿಯಿಲ್ಲ, ಬರೀ ಅಣ್ಣ, ರೇಜರಿಗೆ ತಪ್ಪಿಸಿಕೊಂಡ ಎರಡು ಬಿಳಿ ಕೂದಲು, ಕಣ್ಣಂಚಿನ ನೀರು, ಹಲ್ಲು, ನನಗೆ ಕುಣಿಯುವಷ್ಟು ಖುಷಿ, ದೊಡ್ಡದು ಮಾಡಿ ನೋಡುತ್ತೇನೆ, ಬಲಗಡೆ ತುಟಿ ಕೆನ್ನೆಯನ್ನೇ ಮೇಲಕ್ಕೆತ್ತಿದೆ, ಎಡಗಡೆ — ನೆರಳಿರಬೇಕು, ನೆರಳೆಲ್ಲಿದೆ, ಈ ಮುಖದ ಮೇಲೆ ಈಗ ನೆರಳೇ ಇಲ್ಲ, ಅಳೆದವಳು ನಾನು, ಮುಂದಿನದು ನೋಡು, ಬಲಗಡೆ ಎದ್ದಿದೆ, ಎಡಗಡೆ, ಅದರ ಮುಂದಿನದು, ಹೋದ ತಿಂಗಳು ಏಳುತ್ತಿತ್ತಲ್ಲ, ಡಾಕ್ಟರೇ ಹೇಳಿದರಲ್ಲ, ಮನೆಯಲ್ಲಿ ದಿನಾ ನೋಡುವವರಿಗೆ ಕಂಡಿಲ್ಲ, ತೋರ್ಸೇ, ಹೇಗ್ ಕಾಣ್ತೀನಿ, ಅಣ್ಣ ಕೈ ಚಾಚಿದ್ದಾನೆ, ಅತ್ತಿಗೆ ಟವೆಲ್ಲು ಬಿಟ್ಟು ಹತ್ತಿರ ಬರುತ್ತಿದ್ದಾರೆ, ಇನ್ನೊಂದು, ಕೊನೆಯದು, ಅಷ್ಟು ನಗುವಿನಲ್ಲಿ ಎಡಗಡೆ ತುಟಿಯ ತುದಿ, ಅಲುಗದೆ, ಇದ್ದಲ್ಲೇ, ಎಡಗಡೆ ತುಟಿಯ ತುದಿ