ಮಲಂಗಸಾಬನ ಇದ್ದೊಂದು ವಹಿ

ಮಾನ್ವಿ ತಾಲೂಕಿನ ಕಲ್ಲೂರಿನಲ್ಲಿ ಮೊಹರಂ ಅಂದರೆ ಮಲಂಗಸಾಬ ಕಟ್ಟಿದ, ಕರ್ಬಲಾದ ಕಥೆ ಹಾಡುವ ರಿವಾಯತ ಪದ ಇರಲೇಬೇಕು. ಪದದ ಕಡೇ ನುಡಿಯಲ್ಲಿ ಕಟ್ಟಿದವನ ಹೆಸರು, ಊರು ಬರುವುದು ನಮ್ಮ ಕಡೆಯ ಪದ್ಧತಿ. "ಹೆಸರು ಪದದಾಗ ಅದ. ಯಾರು ಕದೀತಾರ?" ಎನ್ನುತ್ತಿದ್ದ ಮಲಂಗಸಾಬ. ಪಾಪ, ಬೆಳ್ಳಗಿದ್ದದ್ದೆಲ್ಲ ಹಾಲೆಂದು ನಂಬುವ ಮನುಷ್ಯ.

1983ರಲ್ಲಿ ರಾಯಚೂರಿನ ಪ್ರೆಸ್ಸಿನವನೊಬ್ಬ ಪುಸ್ತಕ ಮಾಡಿಕೊಡುತ್ತೇನೆಂದ. ಇನ್ನೂ ಯಾರೂ ಹಾಡದ ಇಪ್ಪತ್ತು ಹೊಸ ಪದಗಳನ್ನು ಬರೆದಿಟ್ಟ ವಹಿಯನ್ನು ಮಲಂಗಸಾಬ ಅವನ ಕೈಗಿಟ್ಟು ಬಂದ. ನಕಲಿಲ್ಲ, ಚೀಟಿಯಿಲ್ಲ. ಮುಂದೆ ಆರು ತಿಂಗಳಿಗೆ ಕಾಮಾಲೆಯಾಗಿ ತೀರಿಕೊಂಡ.

ಮರುವರ್ಷದ ಮೊಹರಮ್ಮಿನಲ್ಲಿ ಊರವರು ಹೊಸ ಪುಸ್ತಕ ಹಿಡಿದು ಹಾಡಿದರು. ಗಂಡ ಮನೆಯಲ್ಲಿ ಗುನುಗುತ್ತಿದ್ದ ಪದವೇ ಅದು. ಹೆಂಡತಿ ಮುನ್ನೀ ಬೀ ಅವನ ಹೆಸರು ಕೇಳಲು ಕಡೇ ನುಡಿಗೆ ಕಾದಳು. ಆ ನುಡಿ ಬರದೆಯೇ ಪದ ಮುಗಿಯಿತು. ಪುಸ್ತಕದ ಮೇಲೆ ಪ್ರೆಸ್ಸಿನವನ ಹೆಸರಿತ್ತು; ಇಪ್ಪತ್ತರಲ್ಲಿ ಐದೇ ಪದ ಅಚ್ಚಾಗಿದ್ದವು.

"ಮಣ್ಣು ಕೊಟ್ಟ ದಿನಾನೂ ನಾ ಇಷ್ಟು ಅತ್ತಿದ್ದಿಲ್ರಿ," ಎಂದಳು, ವಯಸ್ಕರ ಶಾಲೆಯ ಟೀಚರ್ ಶಿವಬಸಮ್ಮನ ಮುಂದೆ.

"ಇದಕ್ಕ ಕಾನೂನು ಅದ ಮುನ್ನೀ ಬೀ. ಕಾಪಿರೈಟ್ ಅಂತಾರ."

ಮೈದುನ ಮೀರಾಹುಸೇನನಿಗೆ ನಂಬಿಕೆಯಾಗಲಿಲ್ಲ. "ಪದ ಅಂದ್ರ ಹೊಲ ಏನ್ರಿ ಟೀಚರ್, ಪಹಣಿ ತಗಸಾಕ?"

"ಪಹಣಿ ಬೇಕಾಗಿಲ್ಲಪ್ಪ. ಬರದ ದಿನಾನ ಅದು ಬರದವರ ಹಕ್ಕು. ನೋಂದಣಿ ಮಾಡಿಸಿದ್ರ ಸಾಕ್ಷಿಗೆ ಬಲ, ಅಷ್ಟ. ಕೇಳಲಾರದ ಯಾರೂ ಅಚ್ಚು ಹಾಕಂಗಿಲ್ಲ. ಬರದವರು ಸತ್ತ ಮ್ಯಾಲೂ ಐವತ್ತು ವರ್ಷ ಆ ಹಕ್ಕು ಮನಿಯವರಿಗೆ ಇರ್ತದ."

"ಆ ಪ್ರೆಸ್ಸಿನವ, ವಹೀನ ನೋಡಿಲ್ಲ ಅಂತಾನ್ರಿ," ಎಂದಳು ಮುನ್ನೀ ಬೀ.

"ಕೊಟ್ಟಾಗ ಯಾರರ ಇದ್ರೇನು?"

ಮೀರಾಹುಸೇನ ತಲೆ ತಗ್ಗಿಸಿದ. "ನಾನ ಇದ್ದೆ. ಚೀಟಿ ಯಾಕ ಬೇಕಣ್ಣಾ, ದೊಡ್ಡ ಮನುಷ್ಯಾ ಅದಾನ ಅಂದಾವ ನಾನ."

"ಹಂಗಾದ್ರ ನೀವ ಸಾಕ್ಷಿ," ಎಂದಳು ಶಿವಬಸಮ್ಮ.

ಅವನೇ ಅತ್ತಿಗೆಯನ್ನು ವಕೀಲರ ಬಳಿಗೆ ಕರೆದೊಯ್ದ. ಪ್ರೆಸ್ಸಿನವನಿಗೆ ನೋಟೀಸು ಹೋಯಿತು. ಸಾಕ್ಷಿಗೆಂದು ಮುನ್ನೀ ಬೀ ನೆನಪಿದ್ದದ್ದನ್ನು ಕಡೇ ನುಡಿ ಸಮೇತ ಹಾಡಿದಳು, ಟೀಚರ್ ಬರೆದುಕೊಂಡಳು. ಏಳು ಪದ ಸಿಕ್ಕವು. ಎಂಟನೆಯದಕ್ಕೆ ಪಲ್ಲವಿ ಮಾತ್ರ ಬಂತು. ಅದನ್ನೇ ಮತ್ತೆ ಮತ್ತೆ ಹಾಡಿ, ಕಡೆಗೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಅಕ್ಕಂದಿರೇ, ಅಣ್ಣಂದಿರೇ, ನೀವು ಪದ ಕಟ್ಟುವವರಾ? ಕಥೆ, ನಾಟಕ ಬರೆಯುವವರಾ? ಇವತ್ತೇ ಇನ್ನೊಂದು ಪ್ರತಿ ಮಾಡಿ. ತಾರೀಖು ಹಾಕಿ, ಇಬ್ಬರ ಸಾಕ್ಷಿ ಹಾಕಿಸಿ. ಯಾರಿಗೇ ಕೊಟ್ಟರೂ ನಕಲು ಕೊಡಿ, ಚೀಟಿ ಬರೆಸಿಕೊಳ್ಳಿ. ಕಾನೂನು ನಿಮ್ಮ ಹಕ್ಕನ್ನು ಕಾಯುತ್ತದೆ, ಈಗಂತೂ ಸತ್ತ ಮೇಲೂ ಅರವತ್ತು ವರ್ಷ. ಮರೆತುಹೋದ ಪದವನ್ನು ಅದು ಕಟ್ಟಿಕೊಡಲಾರದು.